ರೋಸಿಬಾಯಿಯ ಸಾನ್ನ ಮತ್ತು ಪೋಲೆಂಡಿನ ಕೆಲಸಗಾರರು

ಪೋಲೆಂಡಿನ ಮಾರೆಕ್‌ನನ್ನು ರೋಸಿಬಾಯಿ ಮೊದಲು ಕಂಡದ್ದು ಕೊಲ್ಲಿ ನಾಡಿನ ಸತ್ವಾದ ತಮ್ಮ ಮನೆಯ ಬಾಗಿಲಲ್ಲಿ. ಜ್ಞಾನಸ್ನಾನಕ್ಕೆ ಹೊರಟ ಕೂಸನ್ನು ಎತ್ತಿಕೊಂಡವನಂತೆ ನಾಲ್ಕು ಬಿಯರ್ ಬಾಟಲಿಗಳನ್ನು ಎದೆಗವಚಿ ನಿಂತಿದ್ದ. ಅಳಿಯ ನೆಲ್ಸನ್‌ನ ಜೊತೆ ಕೆಲಸ ಮಾಡುವವನು. ಅವನ ಫ್ರಿಜ್ ಕೆಟ್ಟಿತ್ತು, ಬಾಟಲಿಗಳನ್ನು ಇವರ ಫ್ರಿಜ್ಜಿನಲ್ಲಿಡಲು ತಂದಿದ್ದ.

"ಶುಕ್ರವಾರ ಸಂಜೆ ನಮ್ಮಲ್ಲೇ ರುಚಿ ನೋಡುವುದು, ಮಾಂಯ್," ಎಂದ ನೆಲ್ಸನ್ ಅತ್ತೆಗೆ. "ತೀರಿಹೋದ ಇವನಪ್ಪ ಗಣಿಯಿಂದ ಮೇಲೆ ಬಂದು ಕುಡೀತಿದ್ದ ಬಿಯರಿನ ರುಚಿ ಇದರಲ್ಲಿ ಯಾವುದಕ್ಕೆ ಉಂಟು ಅಂತ ಹುಡುಕ್ಬೇಕಂತೆ."

ರೋಸಿಬಾಯಿಗೆ ಅಕ್ಷರ ಅಷ್ಟಕ್ಕಷ್ಟೆ. ಬಾಟಲಿಯ ಮೇಲಿನ ಹಳೇ ಕಾಲದ ಚಿತ್ರಗಳನ್ನು ಓದಿದರು. ಒಬ್ಬ ತಲೆಗೆ ದೀಪ ಕಟ್ಟಿಕೊಂಡ ಗಣಿಯವ. ಒಬ್ಬ ಸುತ್ತಿಗೆಯವ. ಒಬ್ಬ ರೈಲಿನ ಬಾವುಟದವ. ನಾಲ್ಕನೆಯವ ಇಟ್ಟಿಗೆ ಹೊತ್ತ ಮೀಸೆಯವ. ಹೆಂಚಿನ ಕಾರ್ಖಾನೆಯಲ್ಲಿ ದುಡಿದು ತೀರಿಕೊಂಡ ತಮ್ಮ ಯಜಮಾನರದ್ದೇ ಮೀಸೆ!

"ಬರೀ ಹೊಟ್ಟೆಯಲ್ಲಿ ರುಚಿ ನೋಡುವುದೆಂತ? ನಾನು ಸಾನ್ನ ಮಾಡ್ತೇನೆ. ಹತ್ತಿಯಂಥದ್ದು! ಪೋಲೆಂಡಿಗೆ ಸುದ್ದಿ ಮುಟ್ಬೇಕು!"

ಸಾನ್ನವೆಂದರೆ ಇಡ್ಲಿಯ ಶ್ರೀಮಂತ ಅಕ್ಕ. ಗುರುವಾರ ರುಬ್ಬಿ, ಅಡುಗೆಮನೆಯ ಇರುವೆಗೆ ಹೆದರಿ ಪಾತ್ರೆಯನ್ನು ಹಜಾರದ ಏಸಿಯ ಕೆಳಗಿಟ್ಟರು. ಶುಕ್ರವಾರ ಬೆಳಿಗ್ಗೆ ನೋಡಿದರೆ ಹಿಟ್ಟು ತಣ್ಣಗೆ ಮಲಗಿದಲ್ಲೇ ಮಲಗಿತ್ತು! ಊರಾದರೆ ಶೇಂದಿ ಹಾಕಿ ಎಬ್ಬಿಸಬಹುದಿತ್ತು. ಇಲ್ಲಿ ಶೇಂದಿ ಮಾಫಿ, ಸಿಕ್ಕುವುದೇ ಇಲ್ಲ! ಯೀಸ್ಟ್ ಪುಡಿಯೆ? ಸಾನ್ನಕ್ಕೆ ಅಂಥ ಅವಮಾನವನ್ನು ಅವರು ಜನ್ಮದಲ್ಲಿ ಮಾಡಿದವರಲ್ಲ.

ಕಣ್ಣು ಫ್ರಿಜ್ಜಿನ ಕಡೆ ಹೊರಳಿತು. 'ಒಂದೇ ಒಂದು ಲೋಟ' ಎಂದುಕೊಂಡು ಗಣಿಯವನನ್ನು ಸುರಿದರು. ಲೋಟ ಹೋಗಿ ಬಾಟಲಿಯಾಯಿತು. ಹಿಟ್ಟು ನೀರಾಯಿತು. ಅಕ್ಕಿಹಿಟ್ಟು ಬೆರೆಸಿದರು, ಗಟ್ಟಿಯಾಯಿತು, ಸುತ್ತಿಗೆಯವನನ್ನು ಸುರಿದರು. ಮತ್ತೆ ಅಕ್ಕಿಹಿಟ್ಟು, ಮತ್ತೆ ಬಾವುಟದವ! ಹಿಟ್ಟು ಪಾತ್ರೆಯಿಂದ ಬಕೆಟ್ಟಿಗೆ ಬಡ್ತಿ ಪಡೆಯಿತೇ ಹೊರತು ಗುಳ್ಳೆಯೊಂದು ಏಳಲಿಲ್ಲ.

"ಕೆಲಸಗಾರರ ವೇಷ ಮಾತ್ರ! ಕೆಲಸ ಒಬ್ಬನಿಗೂ ಬರುವುದಿಲ್ಲ!" ಎಂದು ಗದರಿಸಿ, "ಬೇಜಾರು ಮಾಡ್ಕೊಳ್ಬೇಡಿ," ಎಂದು ಮೀಸೆಯವನ ಕ್ಷಮೆ ಕೇಳಿ ಅವನನ್ನೂ ಸುರಿದರು.

ಅಷ್ಟರಲ್ಲಿ ನೆಲ್ಸನ್ ಬಂದ. "ಅಯ್ಯೋ ಮಾಂಯ್, ಏಸಿ ಸೋರ್ತಾ ಉಂಟು!" ಎಂದು ಅದನ್ನು ಬಂದ್ ಮಾಡಿ ಸ್ನಾನಕ್ಕೆ ಹೋದ.

ಸಂಜೆಗೆ ಹಿಟ್ಟು ಎದ್ದಿತು! ಎದ್ದದ್ದೆಂದರೆ, ಬಕೆಟ್ಟಿನ ಅಂಚು ದಾಟಿ ಸೋಫಾದ ಕಾಲು ಹಿಡಿಯಿತು!

ಮಾರೆಕ್ ಬಂದು ಸಾಲಾಗಿ ನಿಂತ ಖಾಲಿ ಬಾಟಲಿಗಳನ್ನು ನೋಡಿದ. ನಡೆದದ್ದನ್ನು ನೆಲ್ಸನ್ ತಲೆ ತಗ್ಗಿಸಿ ಹೇಳಿದ. ಮಾರೆಕ್‌ನ ಮುಖ ಆಟಿಕೆ ಕಳಕೊಂಡ ಮಗುವಿನಂತಾಯಿತು. ರೋಸಿಬಾಯಿ ಬಿಸಿ ಸಾನ್ನ, ಕೋಳಿಸಾರು ಮುಂದಿಟ್ಟರು. ಒಂದು ತಿಂದ. ಕಣ್ಣು ಮುಚ್ಚಿದ.

"ಅಪ್ಪ ಇದರೊಳಗೆ ಎಲ್ಲೋ ಇದ್ದಾನಂತೆ," ಎಂದು ನೆಲ್ಸನ್ ಅವನ ಮಾತು ದಾಟಿಸಿದ. "ಇನ್ನೊಂದು ಹಾಕ್ಬೇಕಂತೆ, ಹುಡುಕ್ತಾನಂತೆ."

ಹುಡುಕಾಟ ತಟ್ಟೆಯ ಮೇಲೆ ತಟ್ಟೆ ನಡೆಯಿತು. ರೋಸಿಬಾಯಿಗೆ ಹೆಮ್ಮೆ ಹಿಟ್ಟಿಗಿಂತ ಜೋರಾಗಿ ಉಕ್ಕಿತು.

"ಹೇಳು ಪುತಾ ಅವನಿಗೆ! ಆ ಮೂವರೂ ಸೋಮಾರಿಗಳು. ಹಿಟ್ಟು ಎಬ್ಬಿಸಿದ್ದು ನಮ್ಮ ಮೀಸೆಯವ! ಅವನಪ್ಪ ಕುಡಿದದ್ದೂ ಅದನ್ನೇ, ಖಲಾಸ್!"

ಮಾರೆಕ್ ಹಣೆಯಿಂದ ಇಳಿಯುತ್ತಿದ್ದ ಬೆವರೊರೆಸಿಕೊಂಡು, ಗೋಡೆಯ ಮೇಲೆ ಸುಮ್ಮನಿದ್ದ ಏಸಿಯನ್ನೊಮ್ಮೆ, ಅದರ ಕೆಳಗಿದ್ದ ಬಕೆಟ್ಟನ್ನೊಮ್ಮೆ ನೋಡಿದ. ಮೆಲ್ಲಗೆ ಏನೋ ಕೇಳಿದ. ನೆಲ್ಸನ್ ನಗು ನುಂಗಿಕೊಂಡು ಅತ್ತೆಯ ಕಡೆ ತಿರುಗಿದ:

"ಏಸಿ ಬಂದ್ ಮಾಡಿದ್ದು ಮೀಸೆಯವನನ್ನು ಸುರಿಯುವ ಮೊದಲಾ ಆಮೇಲಾ ಅಂತ ಕೇಳ್ತಾನೆ, ಮಾಂಯ್!"