ಝಿಗ್‌ಬೀ ಮತ್ತು ಕೊಟ್ರಮ್ಮನ ಕೂಗು

ಶಾಂಭವಿಯನ್ನು ನಾನು ಮೊದಲು ನೋಡಿದ್ದು ಕುರುಗೋಡಿನ ಅವರ ಮನೆಯ ಪಡಸಾಲೆಯಲ್ಲಿ, ಒಂದು ಭಾನುವಾರ ಬೆಳಿಗ್ಗೆ ಹತ್ತೂವರೆಗೆ. ನಾನು ಇಸ್ತ್ರಿ ಮಾಡಿದ ನೀಲಿ ಅಂಗಿ ತೊಟ್ಟಿದ್ದೆ. ಜೇಬಿನಲ್ಲಿ ಹುಡುಗಿಗೆ ಕೇಳಬೇಕಾದ ಹನ್ನೊಂದು ಪ್ರಶ್ನೆಗಳ ಚೀಟಿ ಇತ್ತು. (ಕೆಂಚನಗುಡ್ಡದ ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ತಯಾರಿಯಿಲ್ಲದೆ ಯಾವ ಪರೀಕ್ಷೆಗೂ ಕುಳಿತವನಲ್ಲ.) ಆಕೆ ಹಸಿರು ಸೀರೆಯಲ್ಲಿ ಬಂದು, ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ ಇದ್ದ ತಟ್ಟೆಯನ್ನು ನನ್ನ ಮುಂದಿಟ್ಟಳು. ನಾನು ಚೀಟಿ ಬಿಚ್ಚುವ ಮೊದಲೇ ಆಕೆಯೇ ಕೇಳಿದಳು:

"ಬಳ್ಳಾರಿಯಾಗ ನಿಮ್ಮ ಮನಿಗೆ ನೀರು ಎಷ್ಟು ದಿನಕ್ಕೊಮ್ಮೆ ಬರ್ತಾವ್ರಿ?"

"ವಾರಕ್ಕೊಮ್ಮೆ. ಒಮ್ಮೊಮ್ಮೆ ಹತ್ತು ದಿನ."

ಆಕೆಯ ಮುಖ ಸಣ್ಣದಾಯಿತು. ಬಾಯಲ್ಲಿದ್ದ ಮಿರ್ಚಿಯ ಖಾರಕ್ಕೋ ಏನೋ, "ನೀರಿನ ಜವಾಬ್ದಾರಿ ನಂದು" ಎಂದುಬಿಟ್ಟೆ. ಮದುವೆಯಾಯಿತು.

ನಮ್ಮ ಓಣಿಯಲ್ಲಿ ನೀರು ಬಿಡುವ ಹೊತ್ತು ಯಾರಿಗೂ ಗೊತ್ತಿರುವುದಿಲ್ಲ. ಮೊದಲು ಬರುವುದು ತುದಿಮನೆಯ ಕೊಟ್ರಮ್ಮನಿಗೆ. ಆಕೆ ಮಾಳಿಗೆಯಿಂದ "ನೀರು ಬಂದ್ವೂ!" ಎಂದು ನಮಗೆ ಕೂಗುತ್ತಾಳೆ. ನಾವು ಪಕ್ಕದ ಹುಲುಗಮ್ಮನಿಗೆ ಕೂಗಬೇಕು, ಆಕೆ ಅದರಾಚೆಯ ಮೂರು ಮನೆಗಳಿಗೆ ಮುಟ್ಟಿಸುತ್ತಾಳೆ. ನಾವಿರುವುದು ಮೊದಲನೇ ಅಂತಸ್ತಿನಲ್ಲಿ. ಶಾಂಭವಿ ಕೆಳಗಿಳಿದು ಮೋಟರ್ ಹಾಕಿ, ಮತ್ತೆ ಮಾಳಿಗೆ ಹತ್ತಿ ಕೂಗುತ್ತಿದ್ದಳು. ಆಗ ಆಕೆ ಏಳು ತಿಂಗಳ ಬಸುರಿ. ಆಕೆ ಆ ಮೆಟ್ಟಿಲು ಹತ್ತಿಳಿಯುವುದು ನನಗೆ ಬೇಡವಾಗಿತ್ತು. ಮೋಟರ್ ತಾನೇ ಚಾಲೂ ಆಗುವ ವ್ಯವಸ್ಥೆ ಮಾಡಬೇಕೆಂದು ಹೊರಟೆ.

ಮೂರು ವಾರ ಅಧ್ಯಯನ ನಡೆಯಿತು. ಇನ್ನೂರು ಪುಟದ ನೋಟ್‌ಬುಕ್ಕು ತುಂಬಿತು. ವೈಫೈ ಬೇಡವೆಂದೆ, ಎಲ್ಲ ಸಾಮಾನೂ ಒಂದೇ ರೌಟರಿಗೆ ಜೋತುಬೀಳುತ್ತವೆ, ಅದು ಮುನಿಸಿಕೊಂಡರೆ ಮನೆಯೇ ಮೂಕ. ಬ್ಲೂಟೂತ್ ಮಹಾ ಸಂಕೋಚದ ಜೀವ, ಕೋಣೆ ದಾಟುವುದೇ ಕಷ್ಟ. ಕೊನೆಗೆ ಝಿಗ್‌ಬೀ ಎಂಬ ನಿಸ್ತಂತು ವ್ಯವಸ್ಥೆಗೆ ಪಟ್ಟ ಕಟ್ಟಿದೆ.

"ಇದರಾಗ ಒಂದು ಡಬ್ಬಿ ಇನ್ನೊಂದಕ್ಕ ಸುದ್ದಿ ಹೇಳ್ತೈತಿ, ಅದು ಮತ್ತೊಂದಕ್ಕ," ಎಂದು ಹೆಂಡತಿಗೆ ಪಾಠ ಮಾಡಿದೆ.

"ಅದನ್ನ ನಮ್ಮ ಓಣಿ ಹೆಂಗಸ್ರು ದಿನಾ ಮಾಡ್ತಾರಲ್ರೀ?"

"ಶಾಂಭವಿ, ಇದು ವಿಜ್ಞಾನ."

"ಹಂಗಾದ್ರ ನಾನು ಬಾಯಿ ಮುಚ್ಕೊಂತೀನಿ," ಎಂದು ನಕ್ಕಳು.

ನಲ್ಲಿಯ ಬಾಯಿಗೆ ನೀರು ಗುರುತಿಸುವ ಒಂದು ಸೆನ್ಸರು, ಮೋಟರಿಗೆ ಒಂದು ಸ್ವಿಚ್ಚು, ಮೇಲಿನ ಪಡಸಾಲೆಯಲ್ಲಿ ಎಲ್ಲವನ್ನೂ ಆಳುವ ಡಬ್ಬಿ. ಕೆಳಗಿನ ಸುದ್ದಿಯನ್ನು ಮೇಲಕ್ಕೆ ದಾಟಿಸಲು ಮೆಟ್ಟಿಲ ಹತ್ತಿರ ಒಂದು ಪ್ಲಗ್ಗು. ಲೋಟದಲ್ಲಿ ನೀರು ಸುರಿದು ನಲವತ್ತು ಸಲ ಪರೀಕ್ಷಿಸಿದೆ. ನಲವತ್ತಕ್ಕೆ ನಲವತ್ತು! ಸೀದಾ ಕೊಟ್ರಮ್ಮನ ಮನೆಗೆ ಹೋದೆ.

"ಅಕ್ಕಾ, ಇನ್ನುಮ್ಯಾಲ ನಮಗ ಕೂಗೋದು ಬ್ಯಾಡ್ರಿ. ಯಂತ್ರ ಬಂದೈತಿ."

"ಯಂತ್ರ ಕೂಗತೈತೇನಪ್ಪ?"

"ಮೋಟರ್ ತಾನೇ ಹಾಕ್ತೈತಿ. ನನ್ನ ಫೋನಿಗೂ ಹೇಳ್ತೈತಿ."

"ಆತು ಬಿಡು. ನನ್ನ ಗಂಟ್ಲು ಉಳೀತು."

ಆ ಭಾನುವಾರ ಶಾಂಭವಿಯ ಕುಬುಸ, ಅಂದರೆ ಸೀಮಂತ. ಕುರುಗೋಡು, ಸಿರುಗುಪ್ಪದಿಂದ ನಲವತ್ತು ಮಂದಿ ಬರುವವರಿದ್ದರು, ಟ್ಯಾಂಕಿನಲ್ಲಿ ಗೇಣು ನೀರಿತ್ತು. ವಾರದ ಲೆಕ್ಕದಲ್ಲಿ ಶುಕ್ರವಾರ ನೀರಿನ ದಿನ, ಅಂದು ಬರಲೇಬೇಕು. ಆ ಬೆಳಿಗ್ಗೆ "ನೀನು ಹಾಯಾಗಿ ಮಲಕ್ಕೊ" ಎಂದು ಹೆಂಡತಿಗೆ ಅಪ್ಪಣೆ ಕೊಟ್ಟು, ನಾನು ಪಾಠ ಹೇಳುವ ಮೋಕಾದ ಹೈಸ್ಕೂಲಿಗೆ ಬಸ್ಸು ಹತ್ತಿದೆ. ಪ್ರತಿ ಪಿರಿಯಡ್ಡಿನ ನಡುವೆ ಫೋನು ನೋಡಿದೆ. ಏನೂ ಇಲ್ಲ. ಇವತ್ತು ನೀರು ಬಿಟ್ಟಿಲ್ಲವೆಂದು ತೀರ್ಮಾನಿಸಿದೆ. (ನಲವತ್ತಕ್ಕೆ ನಲವತ್ತು ತೆಗೆದ ಯಂತ್ರ ಸುಳ್ಳು ಹೇಳೀತೆ?)

ಸಂಜೆ ಬಂದು ನೋಡಿದರೆ ಕೊಟ್ರಮ್ಮನ ಅಂಗಳ ಒದ್ದೆ, ಮಾಳಿಗೆಯ ತುಂಬ ಒಗೆದ ದುಪ್ಪಟಿಗಳು. ನಮ್ಮ ಬಾಗಿಲ ಮುಂದೆ ಹುಲುಗಮ್ಮ ಮತ್ತು ಆಚೆಮನೆಯ ಮೂವರು ಹೆಂಗಸರು, ಖಾಲಿ ಕೊಡಗಳ ಸಮೇತ.

"ಹತ್ತಕ್ಕ ಬಂದು ಹನ್ನೊಂದಕ್ಕ ಹೋದ್ವಂತ್ರಿ ಮೇಷ್ಟ್ರೆ," ಹುಲುಗಮ್ಮ ಶುರು ಮಾಡಿದಳು. "ನಮಗ ಒಬ್ರೂ ಕೂಗಲಿಲ್ಲ. ಇನ್ನ ಎಂಟು ದಿನ ಏನು ಕುಡಿಯೂಣು, ನಿಮ್ಮ ಡಬ್ಬಿ ತೊಳದು ಕುಡಿಯೂಣೇನು?"

ಕೊಟ್ರಮ್ಮ ಮಾಳಿಗೆಯಿಂದಲೇ ಹೇಳಿದಳು: "ನನ್ನ ಯಾಕ ನೋಡ್ತೀಯಪ್ಪ? ನೀನಾ ಬ್ಯಾಡಂದಿ. ಯಂತ್ರ ಅವರಿಗೂ ಹೇಳ್ತೈತಿ ಅನ್ಕೊಂಡ್ನಿ."

ನಾನು ಬೇಡವೆಂದದ್ದು ಒಂದು ಕೂಗನ್ನು, ಒಣಗಿದ್ದು ಐದು ಮನೆಗಳು! ಯಂತ್ರದ ದೋಷವೇ ಇರಬೇಕೆಂದು ಒಳಗೆ ಓಡಿದೆ. ಸೆನ್ಸರು ಸರಿ. ಮೋಟರ್ ಸರಿ. ಮೆಟ್ಟಿಲ ಪ್ಲಗ್ಗಿನ ಗೋಡೆ ಸ್ವಿಚ್ಚು ಮಾತ್ರ ಆರಿತ್ತು, ಕೆಳಗಿನ ಸುದ್ದಿ ಮೇಲಕ್ಕೆ ದಾಟಿರಲೇ ಇಲ್ಲ.

"ಇದನ್ನ ಆರಿಸಿದೋರು ಯಾರು?" ಎಂದು ಗುಡುಗಿದೆ.

ಶಾಂಭವಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ದಿನಾ ಮನಿ ಬಿಡೋಮುಂದ ಒಂದೊಂದೂ ಸ್ವಿಚ್ಚು ಮುಟ್ಟಿ ಮುಟ್ಟಿ ಆರಿಸಿ, 'ಕರೆಂಟು ಸುಮ್ನ ಹಾಳಾಗಬಾರ್ದು' ಅಂತ ನನಗ ಬುದ್ಧಿ ಹೇಳಿ ಹೋಗೋರು ಯಾರ್ರೀ?"

ನಮ್ಮೂರ ಮನೆಯಲ್ಲಿ ಇದ್ದುದೇ ಒಂದು ಬಲ್ಬು. ಕೊನೆಗೆ ಹೊರಬೀಳುವವನು ಅದನ್ನು ಆರಿಸಬೇಕೆಂಬುದು ನಮ್ಮಪ್ಪ ಗಾದಿಲಿಂಗಪ್ಪನ ಕಾನೂನು. ಡಿಗ್ರಿ ಬಂದರೂ ಕೈ ಆ ಕಾನೂನನ್ನು ಮರೆತಿರಲಿಲ್ಲ. ನಾನು ಗೋಡೆಯನ್ನೇ ನೋಡುತ್ತ ನಿಂತೆ.

"ಗ್ವಾಡಿ ನೋಡಿದ್ರ ನೀರು ಬರ್ತಾವೇನು? ಪೈಪ್ ತಗೊಂಡು ಬಾ," ಎಂದು ಅಷ್ಟರಲ್ಲಿ ಮಾಳಿಗೆ ಇಳಿದು ನಮ್ಮ ಮನೆಗೆ ಬಂದಿದ್ದ ಕೊಟ್ರಮ್ಮ ಗದರಿದಳು. ಆಕೆಯ ಟ್ಯಾಂಕಿನಿಂದ ನಮ್ಮ ಟ್ಯಾಂಕಿಗೆ ಪೈಪ್ ಎಳೆದೆವು. ಉಳಿದ ನಾಲ್ಕು ಮನೆಗೂ ಕುಡಿಯುವ ನೀರಿನ ಕೊಡಗಳನ್ನು ನಾನೇ ಹೊತ್ತೆ. ಮೇಷ್ಟ್ರು ಕೊಡ ಹೊರುವುದನ್ನು ನೋಡಲೆಂದೇ ಓಣಿ ಬಾಗಿಲಿಗೆ ಬಂದಿತ್ತು.

ಕುಬುಸ ಚೆನ್ನಾಗಿ ಆಯಿತು. ಹುಲುಗಮ್ಮ ಶಾಂಭವಿಗೆ ಹಸಿರು ಬಳೆ ತೊಡಿಸುತ್ತ, ನನ್ನ ಯಂತ್ರದ ಕಥೆಯನ್ನು ಕುರುಗೋಡಿನವರಿಗೊಮ್ಮೆ, ಸಿರುಗುಪ್ಪದವರಿಗೊಮ್ಮೆ ಹೇಳಿದಳು. ಎಲ್ಲ ಹೋದ ಮೇಲೆ ಶಾಂಭವಿ ನನ್ನ ಹೆಗಲು ಮುಟ್ಟಿ ನೋಡಿದಳು. ಕೊಡ ಹೊತ್ತ ಜಾಗ ಕೆಂಪಗಾಗಿತ್ತು.

"ನಾನು ಮೆಟ್ಲ ಹತ್ತಬಾರ್ದು ಅಂತ ಇಷ್ಟೆಲ್ಲಾ ಮಾಡಿದ್ರಿ. ಗೊತ್ತೈತಿ," ಎಂದಳು. ನನ್ನ ಕಣ್ಣು ತೇವವಾಯಿತು. "ಆದ್ರ ಹುಲುಗಮ್ಮಕ್ಕಗ ಕೂಗಾಕ ಯಾರಾದ್ರೂ ಹತ್ತಬೇಕಲ್ರೀ?" ಎಂದು ನನ್ನನ್ನೇ ನೋಡಿದಳು.

ಶಾಂಭವಿ ಈಗ ಹೆರಿಗೆಗೆ ತವರಿನಲ್ಲಿದ್ದಾಳೆ. ನಾನು ನೀರಿನ ದಿನ ರಜೆ ಹಾಕಿ ಮಾಳಿಗೆಯ ಮೇಲೆ ಕುಳಿತು, ಕೊಟ್ರಮ್ಮನ ಕಡೆ ಕಿವಿಗೊಟ್ಟು, ಹುಲುಗಮ್ಮನ ಕಡೆ ಕೂಗುತ್ತೇನೆ.