ಎಮ್ಮಿ ಹೆಂಡಿಗೆ ಮಂಜೂರಾತಿ

ನಮ್ಮ ಸೋದರಮಾವನಷ್ಟು ಹೆಂಡಿ-ಸಗಣಿ ಬಗ್ಗೆ ತಿಳಕೊಂಡಾವ ಆಳಂದ ತಾಲೂಕಿನ್ಯಾಗ ಇನ್ನೊಬ್ಬ ಇರಲಿಲ್ಲ ಅಂದ್ರ ನೀವು ನಗ್ತೀರಿ. ನಗ್ರಿ. ಊರೆಲ್ಲಾ ನಕ್ಕದ.

ಎಂಬತ್ತರ ಸುಮಾರಿನ ಮಾತು. ಮಾವನ ಊರು ಸರಸಂಬಾದಾಗ ನಮ್ಮ ಅತ್ತಿ ತೊಗರಿ ಕಟಗಿ ಒಲಿ ಮುಂದ ಕೂತು ಕೆಮ್ಮಿ ಕೆಮ್ಮಿ ಹಣ್ಣಾಗಿದ್ದಳು. "ಹೊಗಿ ತಪ್ಪಸ್ರಿ, ಇಲ್ಲಾಂದ್ರ ಎದಿ ಉಳಿಯಂಗಿಲ್ಲ" ಅಂದಿದ್ದರು ಡಾಕ್ಟರು. ಅಂದಿನಿಂದ ಮಾವನಿಗೆ ಗೋಬರ್ ಗ್ಯಾಸಿನ ಹುಚ್ಚು. ಸರಕಾರದ ಸಹಾಯ ಇಲ್ಲದ ಅದು ಕಟ್ಟಿಸೋದು ಆಗದ ಮಾತು. ಇಸ್ತ್ರಿ ಕೋಟು ಹಾಕ್ಕೊಂಡು, ಅರ್ಜಿ ಹಿಡಕೊಂಡು ಆಳಂದದ ಆಫೀಸಿಗೆ ಹೊಂಟ. ಕೋಟು ಯಾಕ ಮಾವ ಅಂದ್ರ, "ಹೆಂಡಿ ಮಾತಾಡಾಕ ಹೊಂಟೇನಿ, ಅರಬಿನಾದ್ರೂ ಶುದ್ಧ ಇರಬೇಕಲ್ಲ" ಅಂದ.

ಗುಮಾಸ್ತ ಕೇಳಿದ, "ದನ ಎಷ್ಟವರಿ?"

"ಎರಡು ಎಮ್ಮಿ."

"ನಾಕು ಬೇಕ್ರಿ. ಅವೂ ಆಕಳೇ ಆಗಬೇಕು. 'ಗೋ'ಬರ್ ಅಂತದ ಕಾಗದದಾಗ. ಎಮ್ಮಿ ಗೋವು ಹ್ಯಾಂಗ ಆಗತದ್ರಿ?"

ಇಂಥಾ ವ್ಯಾಕರಣಕ್ಕ ಬ್ಯಾರೆ ಯಾರಾದ್ರೂ ಕೈಮುಗಿದು ಬರ್ತಿದ್ದರು. ಮಾವ ಮರುದಿನ ಎರಡು ಬುಟ್ಟಿ ಹೆಂಡಿ ಬಸ್ಸಿನ ಟಾಪ್ ಮ್ಯಾಲ ಏರಿಸಿಕೊಂಡು ಹೋಗಿ ಗುಮಾಸ್ತನ ಮುಂದ ಇಟ್ಟ. "ಒಂದು ಆಕಳದ್ದು, ಒಂದು ಎಮ್ಮೀದು. ಯಾವುದು ಯಾವುದಂತ ಮೂಸಿ ಹೇಳ್ರಿ, ಅರ್ಜಿ ಹರಿದು ಹಾಕ್ತೇನಿ." ಗುಮಾಸ್ತ ಮೂಸಲಿಲ್ಲ. ಒಳಗಿಂದ ಸಾಹೇಬರು ಬಂದು ನಕ್ಕು, "ಎಮ್ಮಿ ನಡೀತದ್ರಿ ಯಜಮಾನ್ರ, ಆದ್ರ ನಾಕು ಬೇಕೇ ಬೇಕು" ಅಂದರು. ಅರ್ಧ ಗೆದ್ದಂಗಾಯ್ತು.

ಇನ್ನರ್ಧಕ್ಕ ವಾರವಾರ ಆಳಂದ. ಹೊಸ ಆರ್ಡರ್ ಬಂತೇನ್ರಿ ಅಂತ ಕೇಳೋದು, ತಿರುಗಿ ಬರೋದು. ಬಸ್ಸಿನ ಕಂಡಕ್ಟರ್ ಸುದ್ದಾ "ಮಾಮಾ, ಎಮ್ಮಿ ಪಾಸಾದ್ವೇನು?" ಅಂತ ಕೇಳಾಕ ಹತ್ತಿದ. ಮೂರನೇ ವರ್ಷಕ್ಕ ನಿಯಮ ಬದಲಾಯ್ತು ನೋಡ್ರಿ: ಎರಡೇ ದನ ಇದ್ದವರಿಗೂ ಸಣ್ಣ ಗ್ಯಾಸಿನ ಗುಂಡಿ ಮಂಜೂರು. ಸರಕಾರ ನನ್ನ ಮಾತಿಗೇ ಬಗ್ಗಿತು ಅಂತ ಮಾವ ಊರಿಗೆಲ್ಲಾ ಸಾರಿದ. ನಾವ್ಯಾಕ ಅಲ್ಲ ಅನ್ನೋಣ?

ಗ್ಯಾಸ್ ಹತ್ತಿದ ದಿನ ನಾನೂ ಇದ್ದೆ. ನೀಲಿ ಉರಿ ಮ್ಯಾಲ ಅತ್ತಿ ಮೊದಲನೇ ರೊಟ್ಟಿ ಬೇಯಿಸಿ, ಎಂದಿನಂಗ ಮಾವನ ತಾಟು ಹೊರಗ ಪಡಸಾಲಿಗೆ ಒಯ್ಯಾಕ ಎದ್ದಳು. ಮಾವ ತಾಟು ಇಸಕೊಂಡು ಒಲಿ ಮಗ್ಗಲಕ್ಕೇ ಕೂತುಬಿಟ್ಟ.

"ಗಂಡಸರು ಇಲ್ಲಿ ಯಾಕ್ರಿ?" ಅಂದಳು ಅತ್ತಿ.

"ಇಷ್ಟು ವರ್ಷ ನೀ ಒಳಗ ಕೆಮ್ಮೋದು ಕೇಳಕೋತ ಹೊರಗ ಕೂತು ಉಂಡೇನಿ. ಒಂದು ತುತ್ತೂ ಗಂಟಲಾಗ ಸಲೀಸು ಇಳಿದಿಲ್ಲ" ಅಂದ ಮಾವ. "ಇನ್ನ ಇಲ್ಲೇ ಉಣತೇನಿ. ನೀನೂ ಹಾಕ್ಕೋ."