‘ಸಾ’ ಎಂದು ಬರೆದ ಪೀಪಾಯಿ

ಗಂಡನ ಅಂತ್ಯಕ್ರಿಯೆಗೆ ಬಂದವರಲ್ಲಿ ಚಿಕ್ಕತ್ತೆಯೊಬ್ಬರನ್ನು ಬಿಟ್ಟು ಎಲ್ಲರೂ ಹೊರಟುಹೋದ ಮರುದಿನ, ಬೆಳಗ್ಗೆ ಎಂಟಕ್ಕೇ, ಸೀಮೆಸುಣ್ಣದ ಒಂದು ಅಕ್ಷರ ಸೊಸೆಯ ಕೊರಳಿಗೆ ಬಿತ್ತು.

ನೆಲಮಾಳಿಗೆಯಲ್ಲಿ ವೈನಿನ ಪೀಪಾಯಿ ಏಳು. ಆರರ ಮೇಲೆ ವರ್ಷ ಬರೆದಿತ್ತು. ಏಳನೆಯದರ ಮೇಲೆ ಗಂಡನ ಕೈಬರಹದಲ್ಲಿ ‘ಸಾ’. ಅಷ್ಟೇ. ಯಾವುದನ್ನೂ ಪೂರ್ತಿ ಬರೆಯುವ ಅಭ್ಯಾಸ ಅವನಿಗಿರಲಿಲ್ಲ.

ಹನ್ನೊಂದಕ್ಕೆ ಪರೀಕ್ಷಕರು ಬರುವವರಿದ್ದರು. ಒಂದು ಪೀಪಾಯಿಯ ರುಚಿ ನೋಡಿ, ಒಪ್ಪಿದರೆ ಅದರ ಮೇಲೆ ನೆಲದ ಮುದ್ರೆ ಒತ್ತುತ್ತಾರೆ: ಇದು ಈ ಮಣ್ಣಿನದೇ ವೈನು ಎಂದು. ಮುದ್ರೆಯಿಲ್ಲದಿದ್ದರೆ ಮನೆಯ ಹೆಸರು ಹಾಕುವಂತಿಲ್ಲ; ಎಲ್ಲ ಕಾರ್ಖಾನೆಯ ಟ್ಯಾಂಕರಿಗೆ. ಯಾವ ಪೀಪಾಯಿ ತೋರಿಸಬೇಕೆಂದು ಗೊತ್ತಿದ್ದವನು ಒಬ್ಬನೇ. ಅವನನ್ನು ನಿನ್ನೆ ಅದೇ ಮಣ್ಣಿಗೆ ಇಟ್ಟು ಬಂದಿದ್ದರು.

“ಸಾ ಅಂದ್ರೆ ಸಾರ ಕಣಮ್ಮ. ನಾಲ್ಕು ತಲೆಮಾರಿನ ನೆಲದ ಸಾರ,” ಎಂದರು ಮಾವ.

“ಸಾಧಾರಣ ಅಂತಿರ್ಬಾರ್ದಾ?” ಎಂದರು ಚಿಕ್ಕತ್ತೆ.

“ನನ್ನ ಮಗ ಸಾಧಾರಣದ್ದು ಮಾಡ್ತಾನೇನೆ?”

“ಹಾಗಾದ್ರೆ ಸಾಕು ಅಂತ. ಈ ಮನೆ ಕೆಲಸ ಯಾರಿಗೆ ಸಾಕಾಗಲ್ಲ!”

ಸೊಸೆಗೆ ಹೊಳೆದ ಪದ ‘ಸಾವು’.

ಕುಡಿದು ನೋಡೋಣವೆಂದರೆ, ಅತ್ತೂ ಅತ್ತೂ ಮಾವನ ಮೂಗು ಇಟ್ಟಿಗೆಯಂತೆ ಕಟ್ಟಿತ್ತು. ಚಿಕ್ಕತ್ತೆ ಏಳನ್ನೂ ನೆಕ್ಕಿ ಏಳನ್ನೂ ಹೊಗಳಿ ಮತ್ತೆ ಒಂದನೆಯದರ ಹತ್ತಿರ ಬಂದರು. ಸೊಸೆ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿದವಳು. ಉಪ್ಪೂ ಸಕ್ಕರೆಯೂ ಒಂದೇ ಆಗಿಬಿಟ್ಟ ನಾಲಗೆಗೆ ಏನು ಮಾಡಬೇಕೆಂದು ಅಲ್ಲಿ ಯಾರೂ ಕಲಿಸಿರಲಿಲ್ಲ.

ಪರೀಕ್ಷಕರು ಬಾಯಿ ಒರೆಸಿಕೊಳ್ಳುತ್ತಲೇ ಬಂದರು.

“ಪಕ್ಕದ ತೋಟದಿಂದ ಬಂದೆ. ಉಗುಳೋದಕ್ಕೂ ಬೇಜಾರು!”

ಮಾವನ ಮುಖ ಮೂರು ದಿನದಲ್ಲಿ ಮೊದಲ ಸಲ ಅರಳಿತು. ಗಾಡಿದಾರಿಯಾಚೆಯ ತೋಟದವನಿಗೆ ‘ಹುಳಿಮೂತಿ’ ಎಂದು ಹೆಸರಿಟ್ಟು, ಮಾತು ಬಿಟ್ಟು ಅವರಿಗೆ ಇಪ್ಪತ್ತು ವರ್ಷ. “ಅವನ ನೆಲ ಯಾವತ್ತೋ ಸತ್ತಿದೆ ಸ್ವಾಮಿ. ಇದನ್ನ ನೋಡಿ!” ಎಂದು ‘ಸಾ’ ತೋರಿಸಿದರು.

ಉತ್ಸಾಹದಲ್ಲಿ ಚಿಕ್ಕತ್ತೆ ಬಿರಡೆಯನ್ನೇ ಕಿತ್ತರು. ವೈನು ನೇರ ಪರೀಕ್ಷಕರ ಬಿಳಿ ಅಂಗಿಗೆ ಚಿಮ್ಮಿತು. ಸೊಸೆ ಅಂಗೈಯಿಂದ ತೂತು ಮುಚ್ಚಿ ಕಣ್ಣೂ ಮುಚ್ಚಿದಳು. ಕೂಗಾಟ ಕೇಳಲಿಲ್ಲ. ಕಣ್ಣು ಬಿಟ್ಟರೆ, ಪರೀಕ್ಷಕರು ತಮ್ಮ ತೋಳನ್ನು ತಾವೇ ನೆಕ್ಕುತ್ತಿದ್ದರು.

“ಅಬ್ಬಾ! ಮಣ್ಣೇ ಮಾತಾಡ್ತಿದೆ. ದಾರಿಯ ಈ ಕಡೆ ಬಿಟ್ರೆ ಇನ್ನೆಲ್ಲೂ ಹುಟ್ಟಲ್ಲ ಇದು!”

ಕಾದ ಕಬ್ಬಿಣದ ಮುದ್ರೆ ಚುರ್ ಎಂದಿತು. “ಕಾಗದಗೀಗದ ಇಲ್ಲ. ಪೀಪಾಯಿ ಯಾರ ಮನೇದೋ ಮುದ್ರೆ ಅವರದು,” ಎಂದು ಅವರು ಹೊರಟರು.

ಮಧ್ಯಾಹ್ನ ಹಿತ್ತಲ ಬಾಗಿಲಲ್ಲಿ ಹುಳಿಮೂತಿ ನಿಂತಿದ್ದರು. ಹತ್ತಿರದಿಂದ ನೋಡಿದರೆ ಮುಖ ಅಷ್ಟೇನೂ ಹುಳಿಯಿರಲಿಲ್ಲ.

“ಅಮ್ಮಾ, ಕೇಳೋ ಹೊತ್ತಲ್ಲ. ನಿಮ್ಮ ಯಜಮಾನ್ರು ನನ್ನ ಹತ್ರ ಒಂದು ಪೀಪಾಯಿ ಸಾಲ ತಗೊಂಡಿದ್ರು. ಮರೀಬಾರ್ದು ಅಂತ ಅದರ ಮೇಲೇ ಬರ್ಕೊಂಡ್ರು.”

“ಖಾಲಿ ಪೀಪಾಯಿನಾ?”

“ತುಂಬಿದ್ದೇ. ನಿಮ್ಮ ಆರೂ ಹುಳಿ ಹಿಡಿದಿತ್ತಂತೆ. ಅಪ್ಪನಿಗೆ ಗೊತ್ತಾದ್ರೆ ಎದೆ ಒಡ್ಕೊಳ್ತಾರೆ ಅಂದ್ರು ಪಾಪ.” ಅವರು ನೆಲ ನೋಡಿದರು. “ಅವಸರ ಇಲ್ಲ. ಅದರ ಜೊತೇದನ್ನೇ ಬೆಳಗ್ಗೆ ಪರೀಕ್ಷಕರು ನನ್ನ ಅಂಗಳದಲ್ಲಿ ಉಗುಳಿ ಹೋದ್ರು. ಹೇಗೂ ಟ್ಯಾಂಕರಿಗೆ ಸುರಿಯೋದು.”

ಅವರು ಹೋದರು. ಮುದ್ರೆಯ ವಿಷಯ ಅವರಿಗೆ ಗೊತ್ತಿರಲಿಲ್ಲ. ಸುಮ್ಮನಿದ್ದರೆ ಗೊತ್ತಾಗುತ್ತಲೂ ಇರಲಿಲ್ಲ.

ಸೊಸೆ ನೆಲಮಾಳಿಗೆಗೆ ಇಳಿದಳು. ಬಿರಡೆಯನ್ನು ಇನ್ನೊಮ್ಮೆ ಬಿಗಿದಳು. ಆಮೇಲೆ ಗಂಡನ ಸೀಮೆಸುಣ್ಣದ ತುಂಡು ಹುಡುಕಿ ‘ಸಾ’ ಪಕ್ಕದಲ್ಲಿ ‘ಲ’ ಬರೆದು, ಪೀಪಾಯಿಯನ್ನು ಉರುಳಿಸುತ್ತ ಹೊರಟಳು.

ಮೇಲಿನ ಕಿಟಕಿಯಿಂದ ಮಾವ ಮೂಗಿನಲ್ಲೇ ಕೂಗಿದರು: “ಯಾರಮ್ಮಾ ಅಲ್ಲಿ ಗಡಗಡ ಅನ್ನಿಸ್ತಿರೋದು?”

“ನಾನೇ ಮಾವ.”

“ಹಾಗೇ ಆ ಹುಳಿಮೂತಿಗೆ ಕೇಳೋ ಹಾಗೆ ಹೇಳು, ಮುದ್ರೆ ಸಿಕ್ತು ಅಂತ!”

“ಹೇಳ್ತೀನಿ ಮಾವ.”

ಗಾಡಿದಾರಿ ದಾಟಿ, ಆಚೆಯ ಅಂಗಳದಲ್ಲಿ ಪೀಪಾಯಿ ನಿಲ್ಲಿಸಿ, ಅವಳು ಬೆವರು ಒರೆಸಿಕೊಂಡಳು.

“ಮುದ್ರೆ ಸಿಕ್ತು ಅಂತ ಹೇಳೋದಕ್ಕೆ ಹೇಳಿದಾರೆ ಮಾವ.”

“ಸಂತೋಷ ಕಣಮ್ಮ. ನಿಮಗಾದ್ರೂ ಸಿಕ್ತಲ್ಲ.”

ಅವಳು ಪೀಪಾಯಿಯ ಮುದ್ರೆಯೊತ್ತಿದ ಮುಖವನ್ನು ಅವರ ಕಡೆಗೆ ತಿರುಗಿಸಿದಳು.